ಉಸಗಾಂವದ ಕರಿಕಲ್ಲು

ನಮ್ಮ ವಾಚನಾಲಯದ ಕಪಾಟಿನಲ್ಲಿ, ಹಳೆಯ ಪಂಚಾಂಗಗಳ ಪಕ್ಕದಲ್ಲಿ, ನಾನು ಎರಡು ಕಲ್ಲು ಇಟ್ಟಿದ್ದೇನೆ. ಒಂದು ಹಿತ್ತಾಳೆಯ ಹಾಗೆ ಹಳದಿಯಾಗಿ ಹೊಳೆಯುತ್ತದೆ. ಇನ್ನೊಂದು ಕರ್ರಗೆ ಇದೆ. ಅದರ ಮೈಮೇಲೆ ಇನ್ನೂ ಕಪ್ಪಾದ ಎರಡು ಸಣ್ಣ ಪಟ್ಟಿ ಬಿಟ್ಟರೆ ನೋಡೋದಕ್ಕೆ ಏನೂ ಇಲ್ಲ. ಶಾಲೆಯ ಮಕ್ಕಳು ಬಂದರೆ ಮೊದಲು ಕೈ ಹಾಕೋದು ಹೊಳೆಯೋ ಕಲ್ಲಿಗೇ. ಅದಕ್ಕೆ ನಾನು ಕೊಟ್ಟದ್ದು 25,000 ರೂಪಾಯಿ. ಕರಿಕಲ್ಲು ಪುಕ್ಕಟೆ ಬಂದದ್ದು. ಎರಡನ್ನೂ ಗೋವಾದಿಂದ ತಂದೆ.

ಈ ವರ್ಷದ ಪುಸ್ತಕಕ್ಕೆ ಇತಿಹಾಸದ ಮೇಲೆ ಏನಾದರೂ ಬರಿ ಅಂತ ಸಮಿತಿಯ ಹಿರಿಯರು ಹೇಳಿದಾಗ, ರಾಜರ ಇತಿಹಾಸ ಬರೆಯೋ ವಿದ್ಯೆ ನನ್ನಲ್ಲಿಲ್ಲ, ಕಲ್ಲಿನ ಇತಿಹಾಸ ಬರೀತೀನಿ ಅಂದೆ. ಹದಿನೈದು ವರ್ಷ ಅದಿರು ಹೊತ್ತವನು ನಾನು. ಹೊತ್ತದ್ದು ಏನು, ಹೊರದೆ ಬಿಟ್ಟದ್ದು ಏನು ಅಂತ ತಿಳಿದದ್ದು ಮಾತ್ರ ತಡವಾಗಿ.

ಘಾಟ್ ಇಳಿದ ಮೇಲೆ

1998ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಊರು ಬಿಟ್ಟೆ. ಖಾನಾಪುರ, ಲೋಂಡಾ, ರಾಮನಗರ ದಾಟಿ ಅನಮೋಡ ಘಾಟ್ ಇಳಿದರೆ ಮೊಲ್ಲೆಂ ಬರುತ್ತದೆ. ಆಮೇಲೆ ಧಾರಬಾಂದೋಡಾ, ಅದರ ಮುಂದೆ ತಿಸ್ಕ ಉಸಗಾಂವ. ನಮ್ಮ ಕಡೆಯ ಎಷ್ಟೋ ಹುಡುಗರು ಆಗಲೇ ಅಲ್ಲಿದ್ದರು. ಮೊದಲು ಟಿಪ್ಪರಿನ ಕ್ಲೀನರ್ ಆದೆ, ಮೂರು ವರ್ಷದ ಮೇಲೆ ಡ್ರೈವರ್ ಆದೆ. ಅಲ್ಲಿಯ ಜನ ಗಣಿಗೆ ಖಾಣ ಅನ್ನುತ್ತಾರೆ, ಮಾಲೀಕನಿಗೆ ಪಾತ್ರಾಂವ ಅನ್ನುತ್ತಾರೆ. ಖಾಣದಿಂದ ಅದಿರು ತುಂಬಿಕೊಂಡು ನದಿಯ ದಂಡೆಯ ಜೆಟ್ಟಿಗೆ ಸುರಿಯೋದು ನಮ್ಮ ಕೆಲಸ. ಅಲ್ಲಿಂದ ಬಾರ್ಜುಗಳು ಮಾಂಡವಿ, ಜುವಾರಿ ನದಿಗಳಲ್ಲಿ ಇಳಿದು ಮುರಗಾಂವ ಬಂದರಿಗೆ ಹೋಗುತ್ತಿದ್ದವು. ಮಳೆಗಾಲದಲ್ಲಿ ಸಾಗಾಣಿಕೆ ಬಂದ್. ಆಗ ನಾವು ಬಿತ್ತನೆಗೆ ಊರಿಗೆ ಬರುತ್ತಿದ್ದೆವು.

ಈ ದಂಧೆ ಹಳೆಯದು. ಪೋರ್ಚುಗೀಸರು 1906ರಲ್ಲಿ ಗಣಿಗಾರಿಕೆಯ ಕಾನೂನು ಹೊರಡಿಸಿ, ಗುಡ್ಡಗಳನ್ನು ಅಳೆದು, ನೂರಾರು ಜನರಿಗೆ ಅಗೆಯುವ ಹಕ್ಕು ಕೊಟ್ಟರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಅದಿರಿನ ರಫ್ತಿಗೆ ಬಲ ಬಂತು. ಯುದ್ಧದಲ್ಲಿ ಸುಟ್ಟುಹೋದ ಜಪಾನ್ ಮತ್ತೆ ಕಟ್ಟಿಕೊಳ್ಳುತ್ತಿತ್ತು, ಅದಕ್ಕೆ ಉಕ್ಕು ಬೇಕಿತ್ತು. 1961ರ ಡಿಸೆಂಬರ್ 19ಕ್ಕೆ ಗೋವಾ ವಿಮೋಚನೆ ಆಯಿತು. ಆದರೂ ಪೋರ್ಚುಗೀಸರು ಕೊಟ್ಟ ಹಕ್ಕುಗಳು ಹಾಗೇ ನಡೆದವು. 1987ರ ಕಾಯಿದೆಯಲ್ಲಿ ಅವನ್ನು ಗುತ್ತಿಗೆಗಳಾಗಿ ಮಾಡಿದರು.

ಒಂದು ಟನ್ ಅದಿರು ಬೇಕಾದರೆ ಎರಡೂವರೆ, ಮೂರು ಟನ್ ಮಣ್ಣು ಕಲ್ಲು ತೆಗೆದು ಒತ್ತಟ್ಟಿಗೆ ಸುರಿಯಬೇಕು. ಅದಕ್ಕೆ ಡಂಪ್ ಅಂತಾರೆ. ಮಳೆ ಬಂದಾಗ ಅದೇ ಮಣ್ಣು ಕೆಂಪಗೆ ಹರಿದು ಗದ್ದೆಗೆ ಇಳಿಯುತ್ತಿತ್ತು. ಕಡಿಮೆ ಕಬ್ಬಿಣ ಇರೋ ಅದಿರನ್ನೂ ಒಂದು ಕಾಲಕ್ಕೆ ಡಂಪಿಗೇ ಹಾಕುತ್ತಿದ್ದರು. 2000ದ ಈಚೆಗೆ ಚೀನಾದವರು ಅಂಥದ್ದನ್ನೂ ಕೊಳ್ಳಲು ಶುರು ಮಾಡಿದರು. ಆಗ ನೋಡಬೇಕಿತ್ತು! ಅಪ್ಪಂದಿರು ಕಸ ಅಂತ ಸುರಿದದ್ದನ್ನು ಮಕ್ಕಳು ಜೆಸಿಬಿ ಹಚ್ಚಿ ಮತ್ತೆ ತೆಗೆದು ನಮ್ಮ ಟಿಪ್ಪರಿಗೆ ತುಂಬಿದರು. ಕಲ್ಲು ಅದೇ, ಬದಲಾದದ್ದು ದರ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕರಿಕಲ್ಲು ಸಿಕ್ಕದ್ದು

2003ರ ಬೇಸಿಗೆ ಇರಬೇಕು. ಬೊಂಡ್ಲಾ ಅಭಯಾರಣ್ಯದ ಕಡೆಗೆ ತಿರುಗುವ ದಾರಿಯ ಹತ್ತಿರ ಟಿಪ್ಪರಿನ ಪಾಟಾ ಮುರಿದು ನಿಂತಿದ್ದೆ. ಕಾಲೇಜಿನ ಹುಡುಗರ ಒಂದು ತಂಡ ಸುತ್ತಿಗೆ, ಚೀಲ, ನೋಟ್‌ಬುಕ್ ಹಿಡಿದುಕೊಂಡು ಬಂತು. ಕೆಂಪು ಮಣ್ಣಿನ ಕಡೆಗೆ ಯಾರೂ ನೋಡಲಿಲ್ಲ. ರಸ್ತೆಬದಿಯ ಹಳ್ಳದಲ್ಲಿದ್ದ ಕರಿಬಂಡೆಯನ್ನು ಸುತ್ತುವರಿದು ಕೂತರು. ಒಬ್ಬ ಹುಡುಗ ಧಾರವಾಡದವನು. ನನ್ನ ಗಾಡಿಯ ಹಿಂದಿನ ಕನ್ನಡ ಅಕ್ಷರ ನೋಡಿ ಮಾತಾಡಿಸಿದ.

"ಏನ್ ನೋಡಾಕತ್ತೀರಿ ತಮ್ಮಾ, ಅದರಾಗ ಕಬ್ಬಿಣ ಇಲ್ಲ ಬಿಡು" ಅಂದೆ.

"ಕಬ್ಬಿಣದ್ದು ಬ್ಯಾಡ್ರಿ ಅಣ್ಣಾ. ಇದರಾಗಿನ ಕರೇ ಪಟ್ಟಿ ನೋಡ್ರಿ, ಕ್ರೋಮೈಟ್ ಇದು. ಇಂಥಾ ಕಲ್ಲಿನಾಗ ತಾಮ್ರ, ನಿಕಲ್ಲು, ನಸೀಬ ಇದ್ರ ಪ್ಲಾಟಿನಂ ಸಹಿತ ಹುಡುಕತಾರ."

ನಾನು ನಕ್ಕೆ. ಪ್ಲಾಟಿನಂ ಅಂದರೆ ಪಣಜಿಯ ದೊಡ್ಡ ಅಂಗಡಿಯ ಗಾಜಿನೊಳಗಿರೋ ಉಂಗುರ ಅಂತಷ್ಟೇ ಗೊತ್ತಿತ್ತು. ಅವನು ಒಂದು ತುಂಡು ಒಡೆದು ನನ್ನ ಕೈಗಿಟ್ಟ. ಗಾತ್ರಕ್ಕಿಂತ ಭಾರ. ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡೆ, ಬಿಲ್ಲುಗಳು ಹಾರದ ಹಾಗೆ ಒತ್ತಲು ಬರುತ್ತದೆ ಅಂತ.

ಬೊಂಡ್ಲಾ ಉಸಗಾಂವದ ಈ ಕರಿಶಿಲೆ ಪದರ ಪದರವಾಗಿ ಕೂತಿರುವಂಥದ್ದು. ಗೋವಾದ ಭೂವಿಜ್ಞಾನಿ ಎ.ಜಿ. ದೇಸಾಯಿ ಮತ್ತು ಅವರ ಜೊತೆಗಾರರು ಇದರ ಮೇಲೆ 2009ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಬರೆದಿದ್ದಾರೆ. ಗೋವಾದ ಕಬ್ಬಿಣದ ಶಿಲೆಗಳು ಘಾಟಿನ ಮೇಲಿನ ನಮ್ಮ ಧಾರವಾಡ ಶಿಲೆಗಳದೇ ಮುಂದುವರಿಕೆ. ಆ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್, 19ನೇ ಶತಮಾನದ ಕೊನೆಯ ಭಾಗದಲ್ಲಿ. ಅಂದರೆ ನಾನು ದುಡಿಯೋಕೆ ಪರನಾಡಿಗೆ ಹೋದೆ ಅಂದುಕೊಂಡಿದ್ದೆ, ಕಾಲ ಕೆಳಗಿನ ಕಲ್ಲು ಮಾತ್ರ ನಮ್ಮ ಕಡೆಯದೇ ನೆಂಟಸ್ತನದ್ದು.

ಮುಳುಗುವ ಬೆಣ್ಣೆ

ಇಂಥ ಕಲ್ಲಿನಲ್ಲಿ ತಾಮ್ರ, ನಿಕಲ್, ಪ್ಲಾಟಿನಂ ಒಟ್ಟಿಗೆ ಯಾಕೆ ಹುಡುಕುತ್ತಾರೆ? ಇದನ್ನು ನಮ್ಮ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರ ಜೊತೆ ಕೂತು ಪುಸ್ತಕ ಓದಿ ತಿಳಿದುಕೊಂಡೆ. ಅಡುಗೆಮನೆಯ ಭಾಷೆಯಲ್ಲೇ ಹೇಳ್ತೀನಿ.

ಭೂಮಿಯ ಒಳಗೆ ಬಹಳ ಆಳದಲ್ಲಿ ಕಲ್ಲು ಕರಗುತ್ತದೆ. ಕರಗಿದ ಆ ಪಾಕ ಬಿರುಕು ಹಿಡಿದು ಮೇಲೆ ಏರಿ, ಕೆಲವು ಕಡೆ ನೆಲದ ಹೊರಗೆ ಬರದೆ ಒಳಗೇ ದೊಡ್ಡ ಕಡಾಯಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ನಿಧಾನವಾಗಿ ಆರುವಾಗ ಮೊದಲು ಹರಳುಗಟ್ಟಿದ ಭಾರದ ಖನಿಜಗಳು ತಳಕ್ಕೆ ಕೂರುತ್ತವೆ. ಅದಕ್ಕೇ ಈ ಶಿಲೆಗಳಲ್ಲಿ ಪದರ. ಕ್ರೋಮೈಟಿನ ಕರಿಪಟ್ಟಿ ಬರೋದೂ ಹೀಗೆ.

ಆ ಪಾಕದಲ್ಲಿ ಸ್ವಲ್ಪ ಗಂಧಕ ಕರಗಿರುತ್ತದೆ. ಗಂಧಕ ಹಿಡಿಯಲಾರದಷ್ಟು ಹೆಚ್ಚಾದರೆ, ಇಲ್ಲವೇ ಸುತ್ತಲಿನ ಕಲ್ಲಿನಿಂದ ಇನ್ನಷ್ಟು ಗಂಧಕ ಬಂದು ಸೇರಿದರೆ, ಅದು ಕಬ್ಬಿಣದ ಜೊತೆ ಕೂಡಿ ಬೇರೆಯೇ ದ್ರವವಾಗಿ ಹನಿ ಹನಿಯಾಗಿ ಒಡೆಯುತ್ತದೆ. ಸಾರಿನಲ್ಲಿ ಒಗ್ಗರಣೆಯ ಎಣ್ಣೆ ಬೆರೆಯದೆ ನಿಲ್ಲುವುದಿಲ್ಲವೇ, ಹಾಗೆ. ಮಜ್ಜಿಗೆ ಕಡೆದಾಗ ಜಿಡ್ಡೆಲ್ಲ ಬೆಣ್ಣೆಗೆ ಹತ್ತುತ್ತದೆ. ಇಲ್ಲಿ ತಾಮ್ರ, ನಿಕಲ್, ಪ್ಲಾಟಿನಂ ಜಾತಿಯ ಲೋಹಗಳು ಕಲ್ಲಿನ ಪಾಕ ಬಿಟ್ಟು ಈ ಗಂಧಕದ ಹನಿಗೆ ಹತ್ತುತ್ತವೆ. ಅದರಲ್ಲೂ ಪ್ಲಾಟಿನಂಗೆ ಆ ಹನಿಯ ಮೇಲಿನ ಸೆಳೆತ ಕಲ್ಲಿನ ಮೇಲಿರುವುದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಒಂದೇ ವ್ಯತ್ಯಾಸ: ನಮ್ಮ ಬೆಣ್ಣೆ ತೇಲುತ್ತದೆ, ಈ ಬೆಣ್ಣೆ ಭಾರ, ಮುಳುಗುತ್ತದೆ. ತಳದಲ್ಲಿ, ಮೂಲೆಯಲ್ಲಿ, ಪಾಕ ಹರಿದು ಬಂದ ಕೊಳವೆಯಲ್ಲಿ ಹೋಗಿ ಕೂರುತ್ತದೆ.

ಅದು ಆರಿದ ಮೇಲೆ ಮುಖ್ಯವಾಗಿ ಮೂರು ಖನಿಜ ಸಿಗುತ್ತವೆ. ಕಂಚಿನ ಬಣ್ಣದ ಪಿರೋಟೈಟ್, ಇದಕ್ಕೆ ಅಯಸ್ಕಾಂತ ಹತ್ತುತ್ತದೆ. ಕಬ್ಬಿಣ ನಿಕಲ್ ಎರಡೂ ಇರುವ ಪೆಂಟ್ಲಂಡೈಟ್, ಜಗತ್ತಿನ ನಿಕಲ್ಲಿನ ದೊಡ್ಡ ಪಾಲು ಬಹುಕಾಲ ಬಂದದ್ದು ಇದರಿಂದ. ಹಿತ್ತಾಳೆ ಹಳದಿಯ ಚಾಲ್ಕೋಪೈರೈಟ್, ಇದು ತಾಮ್ರದ್ದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ, ಇರಿಡಿಯಂ, ರುಥೇನಿಯಂ, ಆಸ್ಮಿಯಂ ಎಂಬ ಆರು ಲೋಹಗಳು ಇವುಗಳ ನಡುವೆ ಕಣ್ಣಿಗೆ ಕಾಣದ ಕಣಗಳಾಗಿ ಅಡಗಿರುತ್ತವೆ. ಟನ್ನಿಗೆ ಐದಾರು ಗ್ರಾಂ ಇದ್ದರೆ ಅದು ಒಳ್ಳೆಯ ಅದಿರು. ನನ್ನ ಲೆಕ್ಕದಲ್ಲಿ ಹೇಳಬೇಕೆಂದರೆ ಹತ್ತು ಟನ್ ಕಬ್ಬಿಣದ ಅದಿರಿನಲ್ಲಿ ಐದಾರು ಟನ್ ಕಬ್ಬಿಣ. ಹತ್ತು ಟನ್ ಒಳ್ಳೆಯ ಪ್ಲಾಟಿನಂ ಅದಿರಿನಲ್ಲಿ ಐವತ್ತು ಅರವತ್ತು ಗ್ರಾಂ ಲೋಹ, ಗಾತ್ರದಲ್ಲಿ ಮೂರ್ನಾಲ್ಕು ಹುಣಸೆಬೀಜ. ಅಷ್ಟಕ್ಕೆ ಆ ಹತ್ತು ಟನ್ನನ್ನೂ ಹಿಟ್ಟಿನ ಹಾಗೆ ಅರೆಯಬೇಕು, ತೇಲಿಸಿ ಬೇರೆ ಮಾಡಬೇಕು, ಕುಲುಮೆಯಲ್ಲಿ ಕರಗಿಸಬೇಕು, ಆಮ್ಲದಲ್ಲಿ ತೊಳೆಯಬೇಕು.

ಎಸೆದವರ ಇತಿಹಾಸ

ಈ ಲೋಹಗಳ ಇತಿಹಾಸ ಅಂದರೆ ಬಹಳ ಮಟ್ಟಿಗೆ ಇವನ್ನು ಬೈದು ಎಸೆದವರ ಇತಿಹಾಸ.

ಜರ್ಮನಿಯ ಸ್ಯಾಕ್ಸನಿ ಸೀಮೆಯ ಗಣಿಯವರಿಗೆ ಒಂದು ಕೆಂಪು ಅದಿರು ಸಿಗುತ್ತಿತ್ತು. ತಾಮ್ರದ ಹಾಗೇ ಬಣ್ಣ, ಆದರೆ ಎಷ್ಟು ಕಾಯಿಸಿದರೂ ತಾಮ್ರ ಬರುತ್ತಿರಲಿಲ್ಲ, ವಿಷದ ಹೊಗೆ ಬರುತ್ತಿತ್ತು. ಗಣಿಯೊಳಗಿನ ಕಿಡಿಗೇಡಿ ದೆವ್ವದ ಕೆಲಸ ಇದು ಅಂತ ಅದಕ್ಕೆ ಕುಪ್ಫರ್ ನಿಕೆಲ್, ಅಂದರೆ ದೆವ್ವದ ತಾಮ್ರ, ಅಂತ ಹೆಸರಿಟ್ಟರು. 1751ರಲ್ಲಿ ಸ್ವೀಡನ್ನಿನ ಆಕ್ಸೆಲ್ ಕ್ರಾನ್‌ಸ್ಟೆಟ್ ಅಂಥ ಅದಿರಿನಿಂದ ಬೆಳ್ಳಗಿನ ಹೊಸ ಲೋಹ ತೆಗೆದ. ಬೈಗುಳದ ಹೆಸರೇ ಉಳಿಯಿತು, ನಿಕಲ್.

ದಕ್ಷಿಣ ಅಮೆರಿಕದ ಈಗಿನ ಕೊಲಂಬಿಯಾದಲ್ಲಿ ಹೊಳೆಯ ಮರಳು ತೊಳೆದು ಚಿನ್ನ ತೆಗೆಯುವಾಗ ಬಿಳಿಯ ಭಾರದ ಕಾಳುಗಳು ಜೊತೆಗೆ ಬರುತ್ತಿದ್ದವು. ಸ್ಪೇನಿನವರು ಅದನ್ನು ಪ್ಲಾಟಿನಾ ಅಂದರು. ಬೆಳ್ಳಿಯ ಚೂರು ಅನ್ನೋ ಹಗುರ ಮಾತು ಅದು. ಆಂತೋನಿಯೋ ದೆ ಉಯ್ಯೋಆ 1748ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಇದರ ಮಾತು ಬರೆದ. ಚಿನ್ನಕ್ಕೆ ಕಲಬೆರಕೆ ಮಾಡಿಯಾರು ಅಂತ ಹೆದರಿ ಅಧಿಕಾರಿಗಳು ಅದನ್ನು ಹೊಳೆಗೆ ಸುರಿಸಿದ್ದೂ ಉಂಟು. ಇವತ್ತು ಕೇಳಿದರೆ ಎದೆ ಧಸಕ್ ಅನ್ನುತ್ತದೆ.

ಕೆನಡಾದ ಸಡ್‌ಬರಿಯಲ್ಲಿ 1883ರಲ್ಲಿ ರೈಲು ಹಳಿ ಹಾಕಲು ಬಂಡೆ ಸಿಡಿಸಿದಾಗ ತುಕ್ಕು ಬಣ್ಣದ ಅದಿರು ಕಂಡಿತು. ತಾಮ್ರ ಸಿಕ್ಕಿತು ಅಂತ ಗಣಿ ತೆಗೆದರು. ತಾಮ್ರದ ಜೊತೆ ಬಿಡಿಸಲಾರದ ಹಾಗೆ ನಿಕಲ್ ಬಂತು, ತಲೆನೋವಾಯಿತು. ಆಮೇಲೆ ಯುದ್ಧನೌಕೆಗಳ ಉಕ್ಕಿಗೆ ನಿಕಲ್ ಬೇಕು ಅಂತಾಯಿತು, ತಲೆನೋವೇ ಸಂಪತ್ತಾಯಿತು. ಅಲ್ಲಿಯ ರಸಾಯನಶಾಸ್ತ್ರಜ್ಞ ಫ್ರಾನ್ಸಿಸ್ ಸ್ಪೆರಿ ಕಂಡ ಸಣ್ಣ ಹರಳುಗಳನ್ನು ಪರೀಕ್ಷಿಸಿದಾಗ ಪ್ಲಾಟಿನಂ ಇರುವ ಹೊಸ ಖನಿಜ ಅಂತ ಗೊತ್ತಾಯಿತು. 1889ರಲ್ಲಿ ಅದಕ್ಕೆ ಅವನ ಹೆಸರೇ ಬಂತು, ಸ್ಪೆರಿಲೈಟ್.

ನನಗೆ ಹೆಚ್ಚು ಇಷ್ಟವಾದದ್ದು ದಕ್ಷಿಣ ಆಫ್ರಿಕಾದ ಕಥೆ. ಅಲ್ಲಿ 1924ರಲ್ಲಿ ಆಂದ್ರೀಸ್ ಲೊಂಬಾರ್ಡ್ ಎಂಬ ರೈತ ತನ್ನ ಜಮೀನಿನ ಒಣಹಳ್ಳದ ಮರಳನ್ನು ತಟ್ಟೆಯಲ್ಲಿ ತೊಳೆದ. ತಳದಲ್ಲಿ ಬಿಳಿಯ ಭಾರದ ಕಾಳು ಉಳಿದವು. ಎಸೆಯಲಿಲ್ಲ. ಹಾನ್ಸ್ ಮೆರೆನ್ಸ್ಕಿ ಎಂಬ ಭೂವಿಜ್ಞಾನಿಗೆ ಕಳಿಸಿದ. ಮೆರೆನ್ಸ್ಕಿ ಆ ಕಾಳಿನ ಜಾಡು ಹಿಡಿದು ಗುಡ್ಡಗಳಲ್ಲಿ ನೂರಾರು ಮೈಲಿ ಹಬ್ಬಿದ ತೆಳ್ಳನೆಯ ಪದರ ಕಂಡುಹಿಡಿದ. ಜಗತ್ತಿನ ಅತಿ ದೊಡ್ಡ ಪ್ಲಾಟಿನಂ ನಿಕ್ಷೇಪಗಳಲ್ಲಿ ಅದು ಒಂದು. ಪದರಕ್ಕೆ ಮೆರೆನ್ಸ್ಕಿಯ ಹೆಸರು ಬಂತು. ರೈತನ ಹೆಸರು ಪುಸ್ತಕದ ಒಂದು ಸಾಲಿನಲ್ಲಿ ಉಳಿಯಿತು.

ಹೀಗೆ ಎಸೆದ ಲೋಹ ಈಗ ಎಲ್ಲೆಲ್ಲಿದೆ ನೋಡಿ. ಪೆಟ್ರೋಲ್ ಕಾರಿನ ಹೊಗೆ ಕೊಳವೆಯೊಳಗಿನ ಶೋಧಕದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಕೆಲವೇ ಗ್ರಾಂ ಇರುತ್ತವೆ. ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ 1995ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ಗೊಬ್ಬರಕ್ಕೆ ಬೇಕಾಗುವ ನೈಟ್ರಿಕ್ ಆಮ್ಲ ಮಾಡುವುದು ಪ್ಲಾಟಿನಂ ರೋಡಿಯಂ ಜಾಳಿಗೆಯ ಮೇಲೆ. ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧಿಯ ಒಡಲಲ್ಲೇ ಪ್ಲಾಟಿನಂ ಇದೆ. 1965ರಲ್ಲಿ ಅದರ ಗುಣ ಆಕಸ್ಮಿಕವಾಗಿ ಕಂಡಿತು, 1978ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು.

ಮಾಯಿಯ ಡಬ್ಬಿಯ ನಾಣ್ಯ

ಉಸಗಾಂವದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮುದುಕಿಗೆ ನಾವೆಲ್ಲ ಮಾಯಿ ಅನ್ನುತ್ತಿದ್ದೆವು. ಅವಳ ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆಯ ನಾಣ್ಯಗಳಿದ್ದವು. ಗಣಪತಿ ಹಬ್ಬಕ್ಕೆ ಮೊಮ್ಮಕ್ಕಳು ಬಂದಾಗ ಮಾತ್ರ ತೆಗೆದು ತೋರಿಸುತ್ತಿದ್ದಳು. 1959ರ ಒಂದು ಎಸ್ಕುದೊ ನಾಣ್ಯ ನನ್ನ ಅಂಗೈ ಮೇಲಿಟ್ಟಳು. ಪೋರ್ಚುಗೀಸರು 1958ರಲ್ಲಿ ಗೋವಾದ ರೂಪಾಯಿ ತೆಗೆದು, ಒಂದು ರೂಪಾಯಿಗೆ ಆರು ಎಸ್ಕುದೊದಂತೆ ಹೊಸ ಹಣ ತಂದಿದ್ದರು. ಮೂರೇ ವರ್ಷದಲ್ಲಿ ಅವರೇ ಹೊರಟುಹೋದರು. ನಾಣ್ಯ ಬೆಳ್ಳಿಯ ಹಾಗೆ ಬೆಳ್ಳಗಿತ್ತು. ಬೆಳ್ಳಿಯೇ ಅಂತ ಮಾಯಿ ನಂಬಿದ್ದಳು. ಅದು ತಾಮ್ರ ನಿಕಲ್ಲಿನ ಬೆರಕೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನಮ್ಮ ದೇಶದ ಹಳೆಯ ಒಂದು ರೂಪಾಯಿ ನಾಣ್ಯಗಳೂ ಅದೇ ಬೆರಕೆಯವು.

ಯೋಚನೆ ಮಾಡಿದರೆ ವಿಚಿತ್ರ. ಮನೆಯ ಹಿಂದಿನ ಗುಡ್ಡದಲ್ಲಿ ನಿಕಲ್ಲಿನ ನೆಂಟಸ್ತನದ ಕರಿಶಿಲೆ, ಡಬ್ಬಿಯಲ್ಲಿ ಹೊರಗಿನಿಂದ ಬಂದ ನಿಕಲ್. ಗೋವಾದಲ್ಲಿ ನಿಕಲ್ಲಿನ ಗಣಿಯಾಗಲಿ ಪ್ಲಾಟಿನಂ ಗಣಿಯಾಗಲಿ ಎಂದೂ ನಡೆದಿಲ್ಲ. ಗೋವಾದ ಕುಂಕಳ್ಳಿಯಲ್ಲಿ ಈಗ ನಿಕಲ್ ತಯಾರಿಸುವ ಕಾರ್ಖಾನೆ ಇದೆ. ಆದರೆ ಅದಕ್ಕೆ ಬರುವ ಕಚ್ಚಾಮಾಲು ಗೋವಾದ ಗುಡ್ಡದ್ದಲ್ಲ. ಕಲ್ಲಿನಲ್ಲಿ ಲೋಹದ ಸುಳಿವು ಇರೋದು ಬೇರೆ, ಗಣಿ ಆಗುವಷ್ಟು ಒಂದೇ ಕಡೆ ಕೂಡಿರೋದು ಬೇರೆ. ಮೇಲೆ ಚಿರೇಕಲ್ಲಿನ, ನಮ್ಮ ಕಡೆ ಜಂಬಿಟ್ಟಿಗೆ ಅಂತೀವಲ್ಲ, ಅದರ ದಪ್ಪ ಹೊದಿಕೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬಿದ್ದು ಬಿದ್ದು ಮೇಲಿನ ಕಲ್ಲೆಲ್ಲ ಕೊಳೆತು ಕೆಂಪಾಗಿದೆ. ಕೆಳಗೆ ಏನಿದೆ ಅಂತ ತಿಳಿಯಲು ಕೊಳವೆ ಕೊರೆದು ನೋಡಬೇಕು.

ನಮ್ಮ ರಾಜ್ಯದಲ್ಲೇ ಒಂದು ಊರಿದೆ, ಚನ್ನಗಿರಿ ತಾಲ್ಲೂಕಿನ ಹನುಮಲಾಪುರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಟಿ.ಸಿ. ದೇವರಾಜು, ಫಿನ್ಲೆಂಡಿನ ತುವೋಮೊ ಅಲಪಿಯೆಟಿ ಮತ್ತು ಜೊತೆಗಾರರು ಅಲ್ಲಿಯ ಪದರಶಿಲೆಯಲ್ಲಿ ಪ್ಲಾಟಿನಂ ಗುಂಪಿನ ಲೋಹ ಇರುವುದನ್ನು 1994ರಲ್ಲಿ ಪ್ರಕಟಿಸಿದರು. ಆಗ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು, 1997ರಿಂದ ದಾವಣಗೆರೆಗೆ ಸೇರಿದೆ. ಭಾರತೀಯ ಗಣಿ ಕೇಂದ್ರದ ಹಳೆಯ ಲೆಕ್ಕದಲ್ಲಿ ದೇಶದ ಪ್ಲಾಟಿನಂ ಗುಂಪಿನ ಲೋಹದ ಸಂಪನ್ಮೂಲ 15.7 ಟನ್, ಅದರಲ್ಲಿ 14.2 ಟನ್ ಒಡಿಶಾದ್ದು, 1.5 ಟನ್ ಹನುಮಲಾಪುರದ್ದು. ಒಂದೂವರೆ ಟನ್ ಅಂದರೆ ಒಂದು ಜೀಪಿನ ತೂಕ. ಅಷ್ಟೂ ಪ್ಲಾಟಿನಂ ಅಂತಲೇ ಇಟ್ಟುಕೊಂಡು ಕರಗಿಸಿ ಹೊಯ್ದರೆ 70 ಲೀಟರ್, ಐದಾರು ಕೊಡದಷ್ಟು. ಆ ಐದಾರು ಕೊಡ ಒಂದು ಗುಡ್ಡದ ತುಂಬ ಕಣ್ಣಿಗೆ ಕಾಣದ ಹಾಗೆ ಚೆಲ್ಲಿಕೊಂಡಿದೆ ಅಂತ ಕಲ್ಪಿಸಿಕೊಳ್ಳಿ. ಪ್ಲಾಟಿನಂ ಸಿಕ್ಕಿತಂತೆ ಅನ್ನೋ ಸುದ್ದಿಗೂ ಊರಿಗೆ ಕೆಲಸ ಬಂತು ಅನ್ನೋದಕ್ಕೂ ಎಷ್ಟು ದೂರ ಅಂತ ಆಗ ತಿಳಿಯುತ್ತದೆ.

ಹೊಳೆಯುವ ಕಲ್ಲು

ಈಗ ನನ್ನ 25,000ದ ಕಥೆ. 2009ರಲ್ಲಿ, ದಂಧೆ ಜೋರಾಗಿದ್ದಾಗ, ಸಾಲ ಮಾಡಿ ಸ್ವಂತ ಟಿಪ್ಪರ್ ತೆಗೆದೆ. ಮರುವರ್ಷವೇ, ಅಂದರೆ 2010-11ರಲ್ಲಿ, ಗೋವಾದ ರಫ್ತು 5 ಕೋಟಿ ಟನ್ ದಾಟಿತು. ಇಷ್ಟು ಅಗೆದರೆ ಎಷ್ಟು ದಿನ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಕ್ರಮ ಗಣಿಗಾರಿಕೆಯ ಮೇಲೆ ಶಾ ಆಯೋಗದ ವರದಿ ಬಂತು. 2012ರ ಸೆಪ್ಟೆಂಬರಿನಲ್ಲಿ ಸರ್ಕಾರ ಗಣಿ ನಿಲ್ಲಿಸಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ತಡೆ ಹಾಕಿತು. ರಸ್ತೆಯ ಎರಡೂ ಬದಿ ಟಿಪ್ಪರುಗಳು ಸಾಲಾಗಿ ನಿಂತವು. ಟಯರಿನ ಸುತ್ತ ಹುಲ್ಲು ಬೆಳೆಯಿತು. ಕಂತು ಮಾತ್ರ ನಿಲ್ಲಲಿಲ್ಲ.

ಅಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ಬಂದ. ಇಸ್ತ್ರಿ ಅಂಗಿ, ಚರ್ಮದ ಚೀಲ. ಚೀಲದಿಂದ ಹಳದಿಯಾಗಿ ಹೊಳೆಯುವ ಕಲ್ಲು ತೆಗೆದ. ಇದು ಪ್ಲಾಟಿನಂ ಅದಿರು, ಉಸಗಾಂವದ ಗುಡ್ಡದ್ದು, ಕಬ್ಬಿಣದ ಕಾಲ ಮುಗೀತು, ಈಗ ಪಾಲು ಹಾಕಿದವರಿಗೆ ಗುತ್ತಿಗೆ ಬಂದಾಗ ಟಿಪ್ಪರಿಗೆ ಮೊದಲ ಕೆಲಸ ಅಂದ. ಬೊಂಡ್ಲಾದ ಕಲ್ಲಿನಲ್ಲಿ ಪ್ಲಾಟಿನಂ ಹುಡುಕುತ್ತಾರೆ ಅಂತ ಆ ಧಾರವಾಡದ ಹುಡುಗ ಹೇಳಿದ್ದು ನನಗೆ ನೆನಪಿತ್ತು. ಅದೇ ಅರೆಬರೆ ಜ್ಞಾನ ನನ್ನನ್ನು ಕೆಡವಿತು. ಏನೂ ಗೊತ್ತಿಲ್ಲದ ಇಬ್ಬರು ಗೆಳೆಯರು ಹಣ ಕೊಡಲಿಲ್ಲ. ಸ್ವಲ್ಪ ಗೊತ್ತಿದ್ದ ನಾನು ಮಗಳ ಕಾಲೇಜಿಗೆ ಇಟ್ಟ ದುಡ್ಡು ಕೊಟ್ಟೆ. ನೆನಪಿಗಿರಲಿ ಅಂತ ಕಲ್ಲನ್ನು ನನ್ನ ಕೈಗೇ ಕೊಟ್ಟು ಹೋದ. ಮತ್ತೆ ಬರಲಿಲ್ಲ.

2013ರಲ್ಲಿ ಟಿಪ್ಪರ್ ಬಂದಷ್ಟಕ್ಕೆ ಮಾರಿ ಊರಿಗೆ ಬಂದೆ. ಹೆಂಡತಿ ಒಂದು ಮಾತೂ ಆಡಲಿಲ್ಲ. ಮಗಳು ಆ ವರ್ಷ ಕಾಲೇಜು ಬಿಟ್ಟು ಮನೆಯಲ್ಲೇ ಇದ್ದಳು, ಮರುವರ್ಷ ಸೇರಿಸಿದೆವು. ಒಂದು ದಿನ ಅವಳೇ ಎರಡೂ ಕಲ್ಲು ತಗೊಂಡು ವಿಜ್ಞಾನದ ಮೇಷ್ಟ್ರ ಹತ್ತಿರ ಹೋದಳು. ಮೇಷ್ಟ್ರು ಬಚ್ಚಲುಮನೆಯ ಬಿಳಿ ಟೈಲ್ಸಿನ ಒಂದು ತುಂಡು ತರಿಸಿ, ಅದರ ಹಿಂದಿನ ಒರಟು ಮೈ ಮೇಲೆ ಹೊಳೆಯೋ ಕಲ್ಲನ್ನು ಉಜ್ಜಿದರು. ಹಳದಿ ಕಲ್ಲು, ಗೆರೆ ಬಿದ್ದದ್ದು ಹಸಿರು ಬೆರೆತ ಕಪ್ಪು.

"ಪೈರೈಟ್ ಇದು ಮಾರಾಯ್ರ, ಕಬ್ಬಿಣ ಮತ್ತ ಗಂಧಕ. ಚಿನ್ನ ಆಗಿದ್ರ ಹಳದಿ ಗೆರೀನ ಬೀಳತಿತ್ತು" ಅಂದರು. ಆಮೇಲೆ ಕರಿಕಲ್ಲಿನ ಪಟ್ಟಿಯನ್ನು ಉಜ್ಜಿದರು, ಕಂದು ಗೆರೆ ಬಿತ್ತು. "ಆ ಹುಡುಗ ಖರೇನ ಹೇಳಿದ್ದ, ಕ್ರೋಮೈಟ್. ಓದೂ ಕಲ್ಲು ಇದು, ಇಟ್ಕೋರಿ."

ಅವತ್ತಿನಿಂದ ಎರಡೂ ಕಲ್ಲು ವಾಚನಾಲಯದಲ್ಲಿವೆ. ಟೈಲ್ಸಿನ ತುಂಡೂ ಪಕ್ಕದಲ್ಲಿದೆ.

ಮತ್ತೆ ಯಾರಾದರೂ ಬಂದರೆ

ಇದನ್ನು ಈಗ ಬರೆಯಲು ಕಾರಣ ಇದೆ. ಗೋವಾದಲ್ಲಿ 2014ರಲ್ಲಿ ತಡೆ ತೆರವಾಗಿ, 2018ರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದು ಮಾಡಿ, ಜನ ಮತ್ತೆ ಬೀದಿಗೆ ಬಂದದ್ದು ನೋಡಿದ್ದೇವೆ. 2023ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆ ಅತ್ಯಗತ್ಯವಾದ 30 ಖನಿಜಗಳ ಪಟ್ಟಿ ಹೊರಡಿಸಿತು. ತಾಮ್ರ, ನಿಕಲ್, ಪ್ಲಾಟಿನಂ ಗುಂಪು ಮೂರೂ ಅದರಲ್ಲಿವೆ. ಹಾಗಾಗಿ ಘಾಟಿನ ಕೆಳಗೂ ಮೇಲೂ ಕರಿಕಲ್ಲಿನ ಮೇಲೆ ಸುತ್ತಿಗೆ ಬೀಳುವ ಕಾಲ ಬರುತ್ತಿದೆ. ಅದು ತಪ್ಪಲ್ಲ. ನಿಜವಾದ ಭೂವಿಜ್ಞಾನಿಗಳು ಬರುತ್ತಾರೆ, ಅವರ ಹಿಂದೆಯೇ ಚರ್ಮದ ಚೀಲದವರೂ ಬರುತ್ತಾರೆ.

ನಾನು ಕಲಿತದ್ದು ಇಷ್ಟು. ಅದಿರಿನಲ್ಲಿರುವ ಪ್ಲಾಟಿನಂ ಕಣ್ಣಿಗೆ ಹೊಳೆಯುವುದಿಲ್ಲ, ಹೊಳೆಯುವ ಕಲ್ಲು ತೋರಿಸಿ ಪ್ಲಾಟಿನಂ ಅಂದವನನ್ನು ನಂಬಬೇಡಿ. ಕಲ್ಲು ಪರೀಕ್ಷಿಸಲು ಬಂದ ಸರ್ಕಾರಿ ಭೂವಿಜ್ಞಾನಿ ನಿಮ್ಮಿಂದ ಪಾಲಿನ ಹಣ ಕೇಳುವುದಿಲ್ಲ. ಯಾರೇ ಬಂದರೂ ಟನ್ನಿಗೆ ಎಷ್ಟು ಗ್ರಾಂ, ಎಷ್ಟು ಟನ್, ಯಾವ ಪ್ರಯೋಗಾಲಯದ ವರದಿ, ಕೊಳವೆ ಎಲ್ಲಿ ಕೊರೆದಿರಿ ಅಂತ ಈ ನಾಲ್ಕು ಪ್ರಶ್ನೆ ಕೇಳಿ. ಐದನೆಯದು ನೀರಿನ ಪ್ರಶ್ನೆ. ಕಬ್ಬಿಣದ ಮಣ್ಣು ಗದ್ದೆಯನ್ನು ಮುಚ್ಚುತ್ತದೆ. ಗಂಧಕದ ಅದಿರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಗೆದು ಹೊರಗೆ ಹಾಕಿದರೆ ಗಾಳಿ ಮಳೆ ಸೇರಿ ಆಮ್ಲವಾಗಿ ಹರಿಯುತ್ತದೆ, ಹಳ್ಳದ ಮೀನು ಉಳಿಯುವುದಿಲ್ಲ, ಬಾವಿ ಉಳಿಯುವುದಿಲ್ಲ. ಅಂಥ ಗಣಿ ತೆಗೆಯುವವರು ಆ ನೀರನ್ನು ಏನು ಮಾಡುತ್ತೀರಿ ಅಂತ ಮೊದಲೇ ಹೇಳಬೇಕು. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ನಿಧಿ ಅಂತ ಬಂದಿದೆ, ಗಣಿಯವರು ರಾಯಧನದ ಮೇಲೆ ಒಂದು ಪಾಲು ಅದಕ್ಕೆ ಕಟ್ಟಬೇಕು, ಅದು ಗಣಿಯಿಂದ ಬಾಧೆಪಟ್ಟ ಊರುಗಳಿಗೆ ಸೇರಬೇಕಾದದ್ದು. ಇದನ್ನು ಗ್ರಾಮಸಭೆಯಲ್ಲಿ ಕೇಳುವ ಬಾಯಿ ನಮಗೆ ಬೇಕು.

ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಏಳನೇ, ಎಂಟನೇ ತರಗತಿಯ ಮಕ್ಕಳನ್ನು ವರ್ಷಕ್ಕೊಂದು ಸಲ ಹಳ್ಳಕ್ಕೆ ಕರೆದುಕೊಂಡು ಹೋಗಿ, ಕಲ್ಲು ಆರಿಸಿ ತರಲಿ. ಟೈಲ್ಸಿನ ಮೇಲೆ ಉಜ್ಜಿ ಗೆರೆ ನೋಡಲಿ, ಅಯಸ್ಕಾಂತ ಹಿಡಿದು ನೋಡಲಿ, ಒಂದೇ ಗಾತ್ರದ ಎರಡು ಕಲ್ಲು ಕೈಯಲ್ಲಿ ತೂಗಿ ನೋಡಲಿ. ಒಲೆಗೆ ಮಾತ್ರ ಹಾಕದಿರಲಿ, ಗಂಧಕದ ಹೊಗೆ ಎದೆಗೆ ಕೆಟ್ಟದ್ದು. ಮುಟ್ಟಿದ ಮೇಲೆ ಕೈ ತೊಳೆಯಲಿ. ಲೊಂಬಾರ್ಡನಿಗೆ ಗೊತ್ತಿದ್ದದ್ದು ಇಷ್ಟೇ, ಭಾರದ ಕಾಳನ್ನು ಎಸೆಯಬಾರದು, ತಿಳಿದವರಿಗೆ ತೋರಿಸಬೇಕು ಅಂತ.

ಕಳೆದ ವಾರ ಒಬ್ಬ ಹುಡುಗ ಕಪಾಟಿನ ಮುಂದೆ ನಿಂತು, "ಅಜ್ಜಾ, ಈ ಎರಡರಾಗ ಯಾವುದಕ್ಕ ಕಿಮ್ಮತ್ತು ಹೆಚ್ಚು?" ಅಂತ ಕೇಳಿದ. ಉತ್ತರ ನಾನು ಹೇಳಲಿಲ್ಲ. ಟೈಲ್ಸಿನ ತುಂಡು ಅವನ ಕೈಗೆ ಕೊಟ್ಟೆ.